ಸೆರಿಜಾವಾ ಕೇಸುಕೆ: ಬರೆದದ್ದು, ಕೊರೆದದ್ದು, ಬಣ್ಣ ಹಾಕಿದ್ದು ಎಲ್ಲ ಒಂದೇ ಕೈ

ಅಚ್ಚುಮೆಚ್ಚು

ಸ್ಟೆನ್ಸಿಲ್ ಕಲೆ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಗೋಡೆ, ಸ್ಪ್ರೇ ಡಬ್ಬಿ, ರಾತ್ರಿ ಹೊತ್ತಲ್ಲಿ ಬಳಿದ ಇಲಿಗಳು. ಅದೂ ಒಳ್ಳೆಯ ಕೆಲಸವೇ. ಆದರೆ ಅದಕ್ಕಿಂತ ಐವತ್ತು ವರ್ಷ ಮೊದಲೇ ಕೊರೆದ ಕಾಗದವನ್ನು ಬದುಕಿನ ಕೆಲಸ ಮಾಡಿಕೊಂಡ ಒಬ್ಬರಿದ್ದರು. ಜಪಾನಿನ ಸೆರಿಜಾವಾ ಕೇಸುಕೆ. ಇವರ ಬಗ್ಗೆ ಇಲ್ಲಿ ಮಾತು ಶುರು ಮಾಡಬೇಕು ಅಂತ ಬಹಳ ದಿನದಿಂದ ಇತ್ತು.

ಹುಟ್ಟಿದ್ದು 1895ರ ಮೇ 13ರಂದು, ಶಿಜುವೊಕಾ ಊರಿನಲ್ಲಿ. ಅಪ್ಪನ ಮನೆ ಹೆಸರು ಓಇಶಿ. ಕಿಮೊನೊ ಬಟ್ಟೆಯ ಸಗಟು ವ್ಯಾಪಾರದ ಮನೆತನ. ಅಂದರೆ ಬಟ್ಟೆ ಮತ್ತು ಬಣ್ಣ ಚಿಕ್ಕಂದಿನಿಂದಲೇ ಕಣ್ಣ ಮುಂದೆ ಇತ್ತು. ಟೋಕಿಯೊದಲ್ಲಿ ಡಿಸೈನ್ ಓದಿ 1916ರಲ್ಲಿ ಮುಗಿಸಿದರು. ಮರುವರ್ಷ ಮದುವೆಯಾಗಿ ಹೆಂಡತಿಯ ಮನೆತನಕ್ಕೆ ಸೇರಿಕೊಂಡರು. ಸೆರಿಜಾವಾ ಅನ್ನುವುದು ಹಾಗೆ ಬಂದ ಹೆಸರು. ಆಮೇಲೆ ಸುಮಾರು ಹತ್ತು ವರ್ಷ, ಹೆಚ್ಚಾಗಿ ಶಿಜುವೊಕಾದಲ್ಲಿ, ಡಿಸೈನ್ ಕೆಲಸ, ಪಾಠ. ಜೊತೆಗೆ ಊರೂರು ತಿರುಗಿ ದೇವಸ್ಥಾನಗಳಿಗೆ ಹರಕೆಯಾಗಿ ಕೊಡುವ ಚಿಕ್ಕ ಮರದ ಚಿತ್ರಫಲಕಗಳನ್ನು ಕೂಡಿಹಾಕುತ್ತಿದ್ದರು.

ತಿರುವು ಸಿಕ್ಕಿದ್ದು ಮೂವತ್ತು ದಾಟಿದ ಮೇಲೆ. 1927ರಲ್ಲಿ ಕೊರಿಯಾಕ್ಕೆ ಹೋಗುವ ಹಡಗಿನಲ್ಲಿ ಯಾನಾಗಿ ಸೋಯೆತ್ಸು ಅವರ ಲೇಖನ ಓದಿದರು. ದಿನಬಳಕೆಯ ವಸ್ತುಗಳಲ್ಲಿ, ಹೆಸರು ಗೊತ್ತಿಲ್ಲದ ಕುಶಲಕರ್ಮಿಗಳು ಮಾಡಿದ ವಸ್ತುಗಳಲ್ಲಿ ದೊಡ್ಡ ಚೆಲುವಿದೆ ಅನ್ನುವುದು ಯಾನಾಗಿ ಅವರ ವಾದ. ಮಿಂಗೆ ಚಳವಳಿ ಹುಟ್ಟಿದ್ದು ಇದರಿಂದಲೇ. ಮರುವರ್ಷ ಟೋಕಿಯೊದ ಉಯೆನೊದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಸೆರಿಜಾವಾ ಒಕಿನಾವಾದ ಬಿಂಗಾತ ಬಟ್ಟೆ ನೋಡಿದರು. ಸ್ಟೆನ್ಸಿಲ್‌ನಿಂದ ಮಾಡಿದ ಬಟ್ಟೆ. ಹಳದಿ, ಕೆಂಪು, ನೀಲಿ, ಎಲ್ಲ ಎದ್ದು ಕಾಣುವ ಬಣ್ಣಗಳು. ಅಲ್ಲಿಗೆ ದಾರಿ ಗೊತ್ತಾಯಿತು. 1929ರಲ್ಲಿ ಒಂದು ಗೋಡೆ ಬಟ್ಟೆ ಮಾಡಿ ಪ್ರದರ್ಶನಕ್ಕೆ ಕೊಟ್ಟರು. ನೀಲಿ ಹಿನ್ನೆಲೆ, ಅದರ ಮೇಲೆ ಸೊಪ್ಪಿನ ಗಿಡ. ಅಡುಗೆಮನೆಗೆ ಬರುವ ಸಾದಾ ಸೊಪ್ಪು.

ನನ್ನ ಪ್ರಕಾರ ಇವರ ದೊಡ್ಡ ಕೆಲಸ ಇದು. ಜಪಾನಿನಲ್ಲಿ ಸ್ಟೆನ್ಸಿಲ್ ಬಣ್ಣಗಾರಿಕೆ ಮೂರು ಜನರ ಕೆಲಸವಾಗಿತ್ತು. ಒಬ್ಬ ಚಿತ್ರ ಬರೆಯುತ್ತಿದ್ದ. ಇನ್ನೊಬ್ಬ ಕೊರೆಯುತ್ತಿದ್ದ. ಈ ಕೊರೆತಕ್ಕೆ ಈಸೆ ಪ್ರಾಂತ್ಯದ ಶಿರೊಕೊ ಊರು ಹೆಸರುವಾಸಿ. ಮೂರನೆಯವನು ಬಣ್ಣ ಹಾಕುತ್ತಿದ್ದ. ಸೆರಿಜಾವಾ ಮೂರನ್ನೂ ತಾವೇ ಮಾಡಿದರು. ಹೀಗಾಗಿ ಚಿತ್ರ ಬರೆಯುವಾಗಲೇ ಕತ್ತಿ ಹೇಗೆ ಹೋಗುತ್ತದೆ ಅಂತ ಅವರ ಕೈಗೆ ಗೊತ್ತಿರುತ್ತಿತ್ತು. ಕೊರೆಯುವಾಗ ಬಣ್ಣ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರುತ್ತಿತ್ತು. ಅವರ ಯಾವ ಕೆಲಸ ನೋಡಿದರೂ ಆ ಗೆರೆ ಪೆನ್ಸಿಲಿನ ಗೆರೆಯಲ್ಲ, ಕತ್ತಿಯ ಗೆರೆ ಅಂತ ತಿಳಿಯುತ್ತದೆ. ಜಪಾನ್ ಸರ್ಕಾರ 1956ರಲ್ಲಿ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಅಂತ ಗುರುತಿಸಿತು. ಸಾಂಪ್ರದಾಯಿಕ ಕಲೆ, ಕಸುಬುಗಳಲ್ಲಿ ಪಳಗಿದವರಿಗೆ ಕೊಡುವ ಬಿರುದು ಅದು. ಅವರ ಕೆಲಸಕ್ಕೆ ಹೊಂದುವ ವಿಭಾಗ ಇರಲಿಲ್ಲ. ಅದಕ್ಕೇ ಕಟಾಎಜೋಮೆ, ಅಂದರೆ ಸ್ಟೆನ್ಸಿಲ್ ಚಿತ್ರದ ಬಣ್ಣಗಾರಿಕೆ, ಅನ್ನುವ ಹೊಸ ಹೆಸರನ್ನು ಮಾಡಬೇಕಾಯಿತು.

ಯಾರಾದರೂ ಇವರ ಕೆಲಸ ಕಣ್ಣಾರೆ ನೋಡಿದ್ದೀರಾ?

ಹುಬ್ಬಳ್ಳಿ ಸ್ಕ್ರೀನ್

ನಾನು ಬಟ್ಟೆ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡುವವನು. ಇವರ ಹೆಸರು ಕೇಳಿರಲಿಲ್ಲ. ಈಗ ಚಿತ್ರಗಳನ್ನು ಹುಡುಕಿ ನೋಡಿದೆ. ಒಂದು ಸಂಶಯ. ಒಕಿನಾವಾದ ಮೀನಿನ ಮಾರುಕಟ್ಟೆ, ಕುಂಬಾರರ ಗೂಡು ಇಂಥ ಚಿತ್ರಗಳಲ್ಲಿ ತೆಳ್ಳನೆಯ ಗೆರೆಗಳು ಗಾಳಿಯಲ್ಲಿ ತೇಲಿದ ಹಾಗೆ ನಿಂತಿವೆ. ಯಾವುದಕ್ಕೂ ಅಂಟಿಕೊಂಡಿಲ್ಲ. ಸ್ಟೆನ್ಸಿಲ್‌ನಲ್ಲಿ ಇದು ಹೇಗೆ ಸಾಧ್ಯ? ಕಾಗದದಲ್ಲಿ ‘ರ’ ಅಂತ ಕೊರೆದರೆ ನಡುವಿನ ತುಂಡು ಬಿದ್ದು ಹೋಗುತ್ತದೆ. ‘ಠ’ ಕೊರೆದರೂ ಅಷ್ಟೇ. ಅದಕ್ಕೇ ಗೋಣಿಚೀಲದ ಮೇಲೆ, ಲಾರಿಯ ಮೇಲೆ ಸ್ಟೆನ್ಸಿಲ್ ಅಕ್ಷರಗಳಲ್ಲಿ ಅಲ್ಲಲ್ಲಿ ಗೆರೆ ತುಂಡಾಗಿರುತ್ತದೆ. ಸೇತುವೆ ಬಿಡಲೇಬೇಕು. ಇವರು ಸೇತುವೆ ಇಲ್ಲದೆ ಹೇಗೆ ಮಾಡಿದರು?

ಅಚ್ಚುಮೆಚ್ಚು

ಒಳ್ಳೆಯ ಪ್ರಶ್ನೆ. ಸೇತುವೆ ಇರುತ್ತಿತ್ತು, ಆಮೇಲೆ ಹೋಗುತ್ತಿತ್ತು. ವಿವರವಾಗಿ ಹೇಳುತ್ತೇನೆ.

ಕಾಗದಕ್ಕೆ ಕಟಗಾಮಿ ಅನ್ನುತ್ತಾರೆ. ಕೈಯಿಂದ ಮಾಡಿದ ವಾಶಿ ಹಾಳೆಗಳನ್ನು ಪರ್ಸಿಮನ್ ಕಾಯಿಯ ಒಗರು ರಸದಿಂದ ಒಂದಕ್ಕೊಂದು ಅಂಟಿಸಿ, ಹೊಗೆಗೆ ಇಟ್ಟು ಗಟ್ಟಿ ಮಾಡುತ್ತಾರೆ. ಕಂದು ಬಣ್ಣ ಬರುತ್ತದೆ. ನೀರು ತಾಗಿದರೂ ಸುಲಭವಾಗಿ ಮೆತ್ತಗಾಗುವುದಿಲ್ಲ. ಇದರ ಮೇಲೆ ಚಿತ್ರ ಕೊರೆಯುವಾಗ ಬಿದ್ದು ಹೋಗಬಹುದಾದ ತುಂಡುಗಳಿಗೆ ಸಣ್ಣ ಸಣ್ಣ ಸೇತುವೆ ಬಿಡುತ್ತಾರೆ. ಕೊರೆತ ಮುಗಿದ ಮೇಲೆ ಹಾಳೆಯ ಮೇಲೆ ತೆಳ್ಳನೆಯ ರೇಷ್ಮೆ ಜಾಲರಿ ಹಾಸಿ ಅರಗು ಬಣ್ಣದಿಂದ ಅಂಟಿಸುತ್ತಾರೆ. ಈಗ ಎಲ್ಲ ತುಂಡುಗಳನ್ನೂ ಜಾಲರಿ ಹಿಡಿದುಕೊಂಡಿದೆ. ಆಗ ಸೇತುವೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಾರೆ. ನೀವು ನೋಡಿದ ತೇಲುವ ಗೆರೆ ಬಂದದ್ದು ಹೀಗೆ.

ಆಮೇಲಿನ ಕೆಲಸ ನಮ್ಮ ಸ್ಕ್ರೀನ್ ಪ್ರಿಂಟಿಗೆ ಪೂರ್ತಿ ತಿರುವು ಮುರುವು. ಜಾಲರಿಯ ಮೂಲಕ ಬಟ್ಟೆಗೆ ಹೋಗುವುದು ಬಣ್ಣವಲ್ಲ, ಅಕ್ಕಿಯ ಅಂಟು. ಅಂಟಕ್ಕಿಯ ಹಿಟ್ಟು, ಸಣ್ಣಗೆ ಜರಡಿ ಹಿಡಿದ ತವುಡು, ಬೇಯಿಸಿ ನಾದಿದ್ದು, ಜೊತೆಗೆ ಉಪ್ಪು ಮತ್ತು ಸ್ವಲ್ಪ ಸುಣ್ಣ. ಇದನ್ನು ಮರದ ಪಟ್ಟಿಯಿಂದ ಎಳೆಯುತ್ತಾರೆ. ಒಣಗಿದ ಮೇಲೆ ಬಟ್ಟೆಗೆ ಸೋಯಾ ಹಾಲು ಬಳಿಯುತ್ತಾರೆ. ಆಮೇಲೆ ಅಂಟು ಇಲ್ಲದ ಕಡೆ ಬ್ರಷ್ಷಿನಿಂದ ಬಣ್ಣ ಹಾಕುತ್ತಾರೆ. ಸೋಯಾದ ಪ್ರೋಟೀನು ಬಣ್ಣವನ್ನು ನೂಲಿಗೆ ಹಿಡಿಸುತ್ತದೆ. ಕೊನೆಗೆ ನೀರಲ್ಲಿ ನೆನೆಸಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಅಂಟು ಇದ್ದ ಜಾಗ ಬಿಳಿಯಾಗಿ ಉಳಿಯುತ್ತದೆ.

ಹುಬ್ಬಳ್ಳಿ ಸ್ಕ್ರೀನ್

ಈಗ ಅರ್ಥವಾಯಿತು. ಅಂಚು ಅಷ್ಟು ಮೆತ್ತಗೆ ಕಾಣುವುದಕ್ಕೂ ಇದೇ ಕಾರಣ. ನಾವು ಸ್ಕ್ರೀನಿನಲ್ಲಿ ಬಣ್ಣ ಎಳೆದರೆ ಅದು ಬಟ್ಟೆಯ ಮೇಲೆ ಕೂರುತ್ತದೆ. ಇಲ್ಲಿ ಬ್ರಷ್ಷಿನ ಬಣ್ಣ ಬಟ್ಟೆಯೊಳಗೆ ಇಳಿದು ಅಂಟಿನ ಗೋಡೆಗೆ ತಾಗಿ ನಿಲ್ಲುತ್ತದೆ. ಒಂದೇ ಹಾಳೆಯಲ್ಲಿ ಐದಾರು ಬಣ್ಣ ಹಾಕಬಹುದು. ನಮಗೆ ಒಂದೊಂದು ಬಣ್ಣಕ್ಕೆ ಒಂದೊಂದು ಫ್ರೇಮು ಬೇಕು, ಮೇಲಿಂದ ಒಂದರ ಮೇಲೊಂದು ಸರಿಯಾಗಿ ಕೂರಿಸುವ ತಲೆನೋವು.

ಇನ್ನೊಂದು ಮಾತು. ರೇಷ್ಮೆ ಜಾಲರಿಯ ಮೇಲೆ ಸ್ಟೆನ್ಸಿಲ್ ಅನ್ನುವುದೇ ನಮ್ಮ ಕಸುಬಿನ ಬೇರು. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಜಪಾನಿನವರು ಅದಕ್ಕಿಂತ ಎಷ್ಟೋ ಮೊದಲೇ ಕೊರೆದ ತುಂಡುಗಳನ್ನು ರೇಷ್ಮೆ ಎಳೆಯಿಂದ ಹಿಡಿಸುತ್ತಿದ್ದರು. ನಮ್ಮ ಓಣಿಯ ಬ್ಯಾನರ್ ಅಂಗಡಿಯವರಿಗೂ ಇದು ಗೊತ್ತಾಗಬೇಕು.

ಬಯಲುಸೀಮೆ

ಓದಿ ಖುಷಿಯಾಯಿತು. ಆದರೆ ನನಗೆ ಒಂದು ತಕರಾರು ಇದೆ, ನೇರವಾಗಿ ಹೇಳುತ್ತೇನೆ.

ಮಿಂಗೆ ಚಳವಳಿಯ ಮೂಲ ಮಾತು ಏನು? ಹೆಸರಿಲ್ಲದವರು ಮಾಡಿದ, ಅಗ್ಗದ, ದಿನಬಳಕೆಯ ವಸ್ತು. ಅದರಲ್ಲಿ ಬೆಳೆದವರು ಯಾರು? ಸೆರಿಜಾವಾ, ಕುಂಬಾರಿಕೆಯ ಹಮಾದಾ ಶೋಜಿ, ಕವಾಯಿ ಕಾಂಜಿರೊ. ಎಲ್ಲರೂ ದೊಡ್ಡ ಹೆಸರುಗಳು. ಸೆರಿಜಾವಾ, ಹಮಾದಾ ಇಬ್ಬರಿಗೂ ರಾಷ್ಟ್ರೀಯ ನಿಧಿ ಬಿರುದು. ಸೆರಿಜಾವಾ ಹೆಸರಿನಲ್ಲಿ ಮ್ಯೂಸಿಯಂ ಕೂಡ. ಈಸೆಯಲ್ಲಿ ತಲೆತಲಾಂತರದಿಂದ ಕೊರೆದವರ ಹೆಸರು ನಮಗೆ ಗೊತ್ತಿಲ್ಲ. ಒಕಿನಾವಾದಲ್ಲಿ ಬಿಂಗಾತ ಮಾಡಿದ ಹಳೆಯ ಕುಟುಂಬಗಳ ಹೆಸರು ಗೊತ್ತಿಲ್ಲ. ಅವರ ಕೆಲಸ ನೋಡಿ ಕಲಿತ ಓದಿದ ಮನುಷ್ಯನ ಹೆಸರು ಮಾತ್ರ ಉಳಿಯಿತು. ಮೂರು ಜನರ ಕೆಲಸವನ್ನು ಒಬ್ಬರೇ ಮಾಡಿದ್ದನ್ನು ನೀವು ದೊಡ್ಡ ಸಾಧನೆ ಅನ್ನುತ್ತೀರಿ. ಅದರಿಂದ ಇಬ್ಬರ ಕೆಲಸ ಹೋಯಿತು ಅಂತಲೂ ನೋಡಬಹುದು ಅಲ್ವಾ?

ಅಚ್ಚುಮೆಚ್ಚು

ತಕರಾರು ನ್ಯಾಯವಾದದ್ದೇ. ಯಾನಾಗಿ ಅವರ ಚಳವಳಿಯಲ್ಲಿ ಈ ಎಳೆದಾಟ ಕೊನೆಯವರೆಗೂ ಇತ್ತು. ಆದರೆ ಸೆರಿಜಾವಾ ಏನೇನು ಮಾಡಿದರು ನೋಡಿ. ಅಂಗಡಿ ಬಾಗಿಲಿಗೆ ತೂಗುಹಾಕುವ ನೊರೆನ್ ಪರದೆ, ಕಿಮೊನೊ, ಅದರ ಮೇಲೆ ಕಟ್ಟುವ ಓಬಿ ಸೊಂಟಪಟ್ಟಿ, ಬೀಸಣಿಗೆ, ಪುಸ್ತಕದ ರಟ್ಟು, ಬೆಂಕಿಪೊಟ್ಟಣದ ಚೀಟಿ, ಹೋಟೆಲಿನ ಮೆನು, ಸುತ್ತುವ ಕಾಗದ, ಶುಭಾಶಯ ಪತ್ರ, ಕ್ಯಾಲೆಂಡರ್. ಯಾನಾಗಿ 1931ರಲ್ಲಿ ‘ಕೋಗೆ’ ಪತ್ರಿಕೆ ಶುರು ಮಾಡಿದಾಗ ಮೊದಲ ವರ್ಷದ ಸಂಚಿಕೆಗಳ ಬಟ್ಟೆಯ ರಟ್ಟನ್ನು ಸ್ಟೆನ್ಸಿಲ್‌ನಿಂದ ಮಾಡಿಕೊಟ್ಟವರು ಇವರೇ. ಚೌಕಟ್ಟು ಹಾಕಿ ಗೋಡೆಗೆ ತಗುಲಿಸುವ ಚಿತ್ರಗಳಿಗಿಂತ ಕೈಯಲ್ಲಿ ಹಿಡಿಯುವ, ಮೈಮೇಲೆ ಹಾಕುವ, ಬಾಗಿಲಲ್ಲಿ ಸರಿಸಿ ಒಳಗೆ ಹೋಗುವ ವಸ್ತುಗಳೇ ಜಾಸ್ತಿ.

1955ರ ಒಂದು ನೊರೆನ್ ಇದೆ. ಅಗ್ಗದ ಹೋಟೆಲುಗಳ ಬಾಗಿಲಿಗೆ ಹಗ್ಗಗಳನ್ನು ಇಳಿಬಿಟ್ಟು ಪರದೆ ಮಾಡುತ್ತಿದ್ದರು. ಆ ಹಗ್ಗದ ಪರದೆಯ ಚಿತ್ರವನ್ನೇ ಇವರು ಬಟ್ಟೆಯ ಪರದೆಯ ಮೇಲೆ ತಂದರು. ಮೇಲಿಂದ ಕೆಳಗೆ ಹಗ್ಗಗಳು, ಅಷ್ಟೇ. ಅವರ ಎಲ್ಲ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಹಗ್ಗದ ಹುರಿ ಇಷ್ಟು ಕಡಿಮೆ ಗೆರೆಗಳಲ್ಲಿ ಬೇರೆ ಎಲ್ಲೂ ನಾನು ನೋಡಿಲ್ಲ.

ಬಯಲುಸೀಮೆ

ವಸ್ತುಗಳು ಸಾದಾ, ಒಪ್ಪುತ್ತೇನೆ. ಹಾಗಾದರೆ ಕ್ಯಾಲೆಂಡರುಗಳನ್ನು ಸಾವಿರಗಟ್ಟಲೆ ಒಬ್ಬರೇ ಮಾಡಿದರಾ? ಅವರ ವರ್ಕ್‌ಶಾಪಿನಲ್ಲಿ ಅಂಟು ಎಳೆದವರು, ತೊಳೆದವರು, ಬಣ್ಣ ತುಂಬಿದವರು ಇದ್ದರಲ್ಲ. ಅವರೇ ನಿಜವಾದ ಹೆಸರಿಲ್ಲದ ಕುಶಲಕರ್ಮಿಗಳು. ಅದನ್ನೂ ಈ ಚರ್ಚೆಯಲ್ಲಿ ಸೇರಿಸಿ.

ಅಚ್ಚುಮೆಚ್ಚು

ಖಂಡಿತ. ಟೋಕಿಯೊದ ಕಮಾತಾದಲ್ಲಿ ಅವರ ವರ್ಕ್‌ಶಾಪ್ ಇತ್ತು. ಕಾಗದದ ಮೇಲಿನ ಕೆಲಸಕ್ಕೇ 1955ರಲ್ಲಿ ಬೇರೆ ಸಂಸ್ಥೆ ಮಾಡಿದರು. ಅಲ್ಲಿ ಹಲವರು ಕೆಲಸ ಮಾಡಿದರು. ಚಿತ್ರ ಮತ್ತು ಕೊರೆತ ಇವರದು, ಮುಂದಿನದು ಎಲ್ಲರ ಕೈ. ಅಷ್ಟು ಕ್ಯಾಲೆಂಡರು, ಬೀಸಣಿಗೆ, ಪತ್ರಗಳು ಜನರ ಮನೆ ತಲುಪಿದ್ದು ಆ ಕೈಗಳಿಂದ.

ಕಡಲಾಚೆ

ಹಮಾಮಾತ್ಸುವಿನಿಂದ ನಮಸ್ಕಾರ. ಇಲ್ಲಿಂದ ಶಿಜುವೊಕಾ ಊರು ರೈಲಿನಲ್ಲಿ ಹತ್ತಿರವೇ. ಮ್ಯೂಸಿಯಂ ನೋಡಿದ್ದೇನೆ. 1981ರಲ್ಲಿ ಶುರುವಾದದ್ದು. ಅವರು ತಮ್ಮ ಕೆಲಸಗಳನ್ನು ಊರಿಗೆ ಕೊಟ್ಟಿದ್ದರಿಂದ ಊರೇ ಕಟ್ಟಿಸಿತು. ತೋರೊ ಅನ್ನುವ, ಸುಮಾರು ಎರಡು ಸಾವಿರ ವರ್ಷ ಹಿಂದಿನ ಯಾಯೊಯಿ ಕಾಲದ ಗದ್ದೆ ಮತ್ತು ಮನೆಗಳ ಅವಶೇಷ ಸಿಕ್ಕ ಜಾಗದ ಪಕ್ಕದಲ್ಲೇ ಇದೆ. ಕಟ್ಟಡ ಶಿರಾಯಿ ಸೇಇಚಿ ಅವರದು. ಕಲ್ಲು, ಮರ, ನಡುವೆ ನೀರು. ಬೆಳಕು ಕಡಿಮೆ. ಬಟ್ಟೆಗಳಿಗೆ ಅದು ಬೇಕು ಕೂಡ. ಬೆಳಕು ಜಾಸ್ತಿಯಾದರೆ ಬಣ್ಣ ಹೋಗುತ್ತದೆ.

ಅಲ್ಲಿ ನನಗೆ ಹಿಡಿಸಿದ್ದು ಇರೋಹಾ ಪರದೆ. ಜಪಾನಿನ ಹಳೆಯ ಅಕ್ಷರಮಾಲೆ, ಒಂದೊಂದು ಅಕ್ಷರಕ್ಕೂ ಅದರಿಂದ ಶುರುವಾಗುವ ಒಂದು ವಸ್ತುವಿನ ಚಿತ್ರ. ಓದಲು ಬರದ ಮಕ್ಕಳೂ ಅದರ ಮುಂದೆ ನಿಂತು ಬೆರಳು ತೋರಿಸುತ್ತಿದ್ದರು.

ಇನ್ನು ಒಕಿನಾವಾದ ವಿಷಯ. ಬಯಲುಸೀಮೆಯವರ ಮಾತಿಗೆ ಸ್ವಲ್ಪ ಸೇರಿಸಬೇಕು. ಒಕಿನಾವಾ ಮೊದಲು ರ್ಯೂಕ್ಯೂ ಅನ್ನುವ ಬೇರೆಯೇ ರಾಜ್ಯ. ಜಪಾನ್ ಅದನ್ನು 1879ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಬಿಂಗಾತ ಅಲ್ಲಿನ ರಾಜಮನೆತನದವರ, ದೊಡ್ಡವರ ಬಟ್ಟೆ. ರಾಜ್ಯ ಹೋದ ಮೇಲೆ ಆ ಕುಶಲಕರ್ಮಿಗಳಿಗೆ ಕೊಳ್ಳುವವರೇ ಇಲ್ಲದಾದರು. ಸೆರಿಜಾವಾ 1939ರಲ್ಲಿ ಯಾನಾಗಿ ಮತ್ತು ಗೆಳೆಯರ ಜೊತೆ ಅಲ್ಲಿಗೆ ಹೋದರು. ಸುಮ್ನೆ ನೋಡಿ ಬರಲಿಲ್ಲ. ನಾಹಾದಲ್ಲಿ ಉಳಿದು ಬಿಂಗಾತ ಕೆಲಸವನ್ನು ಕಲಿತರು. ಅಲ್ಲಿ ಕೊರೆಯುವಾಗ ಕಾಗದದ ಕೆಳಗೆ ಏನಿಡುತ್ತಾರೆ ಗೊತ್ತಾ? ಒಣಗಿಸಿ ಕಲ್ಲಿನಂತಾದ ತೋಫು! ರುಕುಜು ಅಂತ ಹೆಸರು. ಕತ್ತಿಯ ಮೊನೆ ಒಳಗಿಳಿದರೂ ಹಾಳಾಗುವುದಿಲ್ಲ, ತೋಫುವಿನ ಎಣ್ಣೆ ಕತ್ತಿಗೂ ಒಳ್ಳೆಯದು.

ಕಡಲಾಚೆ

ಮುಂದುವರಿಸುತ್ತೇನೆ, ಹಿಂದಿನದು ಉದ್ದವಾಯಿತು.

ಆ ದಿನಗಳಲ್ಲಿ ಒಕಿನಾವಾದ ಶಾಲೆಗಳಲ್ಲಿ ಮಕ್ಕಳು ತಮ್ಮ ಮಾತು ಆಡದಂತೆ ಒತ್ತಡ ಇತ್ತು. 1940ರಲ್ಲಿ ಯಾನಾಗಿ ಮತ್ತು ಜೊತೆಯವರು ಇದನ್ನು ಬಹಿರಂಗವಾಗಿ ವಿರೋಧಿಸಿದರು. ಅಲ್ಲಿನ ಅಧಿಕಾರಿಗಳ ಜೊತೆ ದೊಡ್ಡ ವಾಗ್ವಾದವೇ ನಡೆಯಿತು. ಹೀಗಾಗಿ ಇವರು ಬಂದರು, ತೆಗೆದುಕೊಂಡರು, ಹೋದರು ಅಂತ ಹೇಳುವುದು ಅನ್ಯಾಯ. ಹಾಗಂತ ಪೂರ್ತಿ ಸಮಾಧಾನವೂ ನನಗಿಲ್ಲ. ಟೋಕಿಯೊದಿಂದ ಬಂದವರು ನಿಮ್ಮಲ್ಲಿರುವುದು ಅಮೂಲ್ಯ ಅಂತ ಹೇಳಿದಾಗ ಅಲ್ಲಿನ ಎಷ್ಟೋ ಜನಕ್ಕೆ ತಮ್ಮನ್ನು ಪ್ರದರ್ಶನದ ವಸ್ತು ಮಾಡಿದ ಹಾಗೆ ಅನಿಸಿತ್ತು.

ಆಮೇಲೆ 1945ರ ಒಕಿನಾವಾ ಯುದ್ಧ. ಬಿಂಗಾತದ ಮನೆಗಳು, ಹಳೆಯ ಸ್ಟೆನ್ಸಿಲ್ ಹಾಳೆಗಳು ಸುಟ್ಟು ಹೋದವು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ಎಬ್ಬಿಸಿದವರು ಶಿರೋಮಾ ಏಕಿ, ಚಿನೆನ್ ಸೆಕ್ಕೊ ಮೊದಲಾದ ಅಲ್ಲಿನ ಹಳೆಯ ಮನೆತನದವರೇ. ಈ ಹೆಸರುಗಳನ್ನು ಇಲ್ಲಿ ಬರೆಯಲೇಬೇಕು ಅನಿಸಿತು. ಕಾಗದ ಇರಲಿಲ್ಲ, ಅಮೆರಿಕನ್ ಸೈನ್ಯ ಬಿಸಾಕಿದ ನಕ್ಷೆಗಳ ಮೇಲೆ ಕೊರೆದರು. ಅಂಟು ಹಿಂಡುವ ಕೊಳವೆಗೆ ಗುಂಡಿನ ಖಾಲಿ ಕೋಶ. ಅಂಟು ಎಳೆಯಲು ಒಡೆದ ಗ್ರಾಮಫೋನ್ ತಟ್ಟೆ. ಬಣ್ಣಕ್ಕೆ ಲಿಪ್‌ಸ್ಟಿಕ್. ಹಳೆಯ ವಿನ್ಯಾಸಗಳು ಎಲ್ಲಿಂದ ಸಿಕ್ಕವು? ಕಮಾಕುರಾ ಯೋಶಿತಾರೊ ಎಂಬ ಸಂಶೋಧಕರು ಯುದ್ಧಕ್ಕೆ ಮೊದಲೇ ಒಕಿನಾವಾದಲ್ಲಿ ಸಂಗ್ರಹಿಸಿ ತಂದಿಟ್ಟಿದ್ದ ಹಾಳೆಗಳಿಂದ. ಅವರು ತಂದಿರದಿದ್ದರೆ ಅವೂ ಬೂದಿಯಾಗುತ್ತಿದ್ದವು.

ಬಯಲುಸೀಮೆ

ಗುಂಡಿನ ಕೋಶದ ವಿಷಯ ಓದಿ ಮೈ ಜುಂ ಅಂದಿತು. ಇವರ ಬಗ್ಗೆ ಪ್ರತ್ಯೇಕವಾಗಿ ಬರೆಯಿರಿ, ಕಡಲಾಚೆ ಅವರೇ. ಸೆರಿಜಾವಾ ಚರ್ಚೆಯಲ್ಲಿ ಒಂದು ಪ್ಯಾರಾ ಆಗಿ ಉಳಿಯಬಾರದು.

ಪುಟ್ಟಪುಸ್ತಕ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಇವರು ಡಾನ್ ಕ್ವಿಕ್ಸೋಟ್ ಕಥೆಗೆ ಚಿತ್ರ ಮಾಡಿದ್ದಾರೆ ಅಂತ ಎಲ್ಲೋ ಓದಿದ ನೆನಪು. ಸ್ಪೇನಿನ ಕಥೆ ಜಪಾನಿನ ಸ್ಟೆನ್ಸಿಲ್‌ಗೆ ಹೇಗೆ ಬಂತು?

ಅಚ್ಚುಮೆಚ್ಚು

ಬಾಸ್ಟನ್ನಿನ ಕಾರ್ಲ್ ಕೆಲ್ಲರ್ ಎಂಬ ಸಂಗ್ರಾಹಕರು ಬೇರೆ ಬೇರೆ ದೇಶಗಳ ಡಾನ್ ಕ್ವಿಕ್ಸೋಟ್ ಪುಸ್ತಕಗಳನ್ನು ಕೂಡಿಹಾಕುತ್ತಿದ್ದರು. ಜಪಾನಿನದು ಜಪಾನಿನ ಚಿತ್ರಗಳ ಜೊತೆ ಬೇಕು ಅಂತ ಅವರ ಆಸೆ. ಆ ಕೋರಿಕೆ ಜುಗಾಕು ಬುನ್‌ಶೊ ಎಂಬ ಇಂಗ್ಲಿಷ್ ವಿದ್ವಾಂಸರ ಮೂಲಕ ಸೆರಿಜಾವಾಗೆ ಬಂತು. ಇದು 1930ರ ದಶಕದ ಮಾತು. ಸೆರಿಜಾವಾ ಕಥೆಯನ್ನೇ ಜಪಾನಿಗೆ ತಂದರು. ನಾಯಕ ಸಮುರಾಯಿ ಆದ. ಕವಚ, ಕುದುರೆ, ಮನೆ, ಮರ ಎಲ್ಲ ಅಲ್ಲಿನದೇ. 17ನೇ ಶತಮಾನದ ಜಪಾನಿ ಪುಸ್ತಕಗಳಲ್ಲಿ ಕಿತ್ತಳೆ ಕೆಂಪು ಮತ್ತು ಹಸಿರನ್ನು ಕೈಯಿಂದ ಬಳಿಯುತ್ತಿದ್ದರು. ಆ ಬಗೆಯನ್ನೇ ಇವರು ಹಿಡಿದರು. ಗೆರೆ ಸ್ಟೆನ್ಸಿಲ್‌ನದು, ಬಣ್ಣ ಬ್ರಷ್ಷಿನದು.

ನೀವು ಚಿತ್ರ ಬರೆಯುವವರಾದ್ದರಿಂದ ಹೇಳುತ್ತೇನೆ, ಅದರಲ್ಲಿ ಕಪ್ಪು ಗೆರೆ ಎಷ್ಟು ದಪ್ಪ ಅಂತ ಗಮನಿಸಿ. ಕತ್ತಿಯಿಂದ ಕೊರೆದ ಗೆರೆ ಕೂದಲಿನಷ್ಟು ಸಣ್ಣ ಆಗಲೂಬಹುದು. ಈಸೆಯ ಕೊರೆತಗಾರರು ಹಾಗೆಯೇ ಮಾಡುತ್ತಿದ್ದರು, ಅದು ಅವರ ಹೆಮ್ಮೆ. ಇವರು ಬೇಕೆಂದೇ ದಪ್ಪ ಇಟ್ಟರು. ಪುಟ ತಿರುಗಿಸುವಾಗ ದೂರದಿಂದಲೂ ಕಾಣಬೇಕು ಅನ್ನುವ ಲೆಕ್ಕ ಅಲ್ಲಿದೆ ಅಂತ ನನಗೆ ಅನಿಸುತ್ತದೆ.

ಪುಟ್ಟಪುಸ್ತಕ

ನೋಡಿದೆ. ದಪ್ಪ ಗೆರೆ ಸರಿ, ಅದಕ್ಕಿಂತ ನನಗೆ ಹಿಡಿಸಿದ್ದು ಖಾಲಿ ಜಾಗ. ಸ್ಟೆನ್ಸಿಲ್‌ನಲ್ಲಿ ಹಿನ್ನೆಲೆ ತುಂಬುವುದು ಕಷ್ಟವೇನಲ್ಲ, ಆದರೂ ತುಂಬಿಲ್ಲ. ನಾವು ಈಗ ಕಂಪ್ಯೂಟರಿನಲ್ಲಿ ಒಂದು ಮೂಲೆಯನ್ನೂ ಬಿಡುವುದಿಲ್ಲ. ಪ್ರಕಾಶಕರೂ ಖಾಲಿ ಜಾಗ ಕಂಡರೆ ಅಲ್ಲೊಂದು ಹಕ್ಕಿ ಹಾಕಿ ಅನ್ನುತ್ತಾರೆ. ಇವರ ಒಂದು ಪುಟ ತೋರಿಸಿ ವಾದ ಮಾಡಬೇಕು ಅನಿಸುತ್ತಿದೆ.

ಕ್ಯಾಲೆಂಡರಿನ ವಿಷಯ ಸ್ವಲ್ಪ ಹೇಳಿ.

ಅಚ್ಚುಮೆಚ್ಚು

ಕ್ಯಾಲೆಂಡರಿನ ಹಿಂದೆ ಯುದ್ಧ ಇದೆ. 1945ರ ವಾಯುದಾಳಿಯಲ್ಲಿ ಕಮಾತಾದ ಮನೆ, ವರ್ಕ್‌ಶಾಪ್ ಎರಡೂ ಸುಟ್ಟವು. ಕೊರೆದ ಹಾಳೆಗಳು, ಸಂಗ್ರಹಿಸಿದ ವಸ್ತುಗಳು ಎಲ್ಲ ಹೋದವು. ಆಗ ಅವರಿಗೆ ಐವತ್ತು ವರ್ಷ. ಬಟ್ಟೆ ಸಿಗುತ್ತಿರಲಿಲ್ಲ. ಆದರೆ ಕೈಯಿಂದ ಮಾಡಿದ ಕಾಗದ ಸಿಗುತ್ತಿತ್ತು. ಬಟ್ಟೆಗೆ ಮಾಡುವುದನ್ನೇ ಕಾಗದಕ್ಕೆ ಮಾಡಿದರು. ಅಂಟು ಎಳೆದು, ಬಣ್ಣ ಹಾಕಿ, ನೀರಲ್ಲಿ ತೊಳೆಯುವುದು. ಒಳ್ಳೆಯ ವಾಶಿ ಕಾಗದದ ನಾರು ಉದ್ದ, ನೀರಲ್ಲಿ ನೆನೆದರೂ ಹರಿಯುವುದಿಲ್ಲ. ಹೀಗೆ 1946ರ ಕ್ಯಾಲೆಂಡರ್ ಬಂತು. ಹನ್ನೆರಡು ತಿಂಗಳು, ಹನ್ನೆರಡು ಹಾಳೆ. ಅಂಕಿಗಳೂ ಕೊರೆದವೇ, ಚಿತ್ರದ ಭಾಗವೇ. ಆಮೇಲೆ ಬದುಕಿರುವವರೆಗೂ ವರ್ಷ ವರ್ಷ ಮಾಡಿದರು. ಹೊರದೇಶಗಳಿಗೂ ಹೋದವು.

ತೊಯಾಮಾ ಕಡೆಯ ಯಾತ್ಸುವೊ ಊರಿನ ಕಾಗದದವರು ಇವರಿಂದ ಕಲಿತು ಸ್ಟೆನ್ಸಿಲ್ ಬಣ್ಣದ ಕಾಗದ ಶುರು ಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ. ಪೆಟ್ಟಿಗೆ, ಪರ್ಸು, ಪುಸ್ತಕದ ಹೊದಿಕೆ ಎಲ್ಲ ಅದರಲ್ಲಿ ಮಾಡುತ್ತಾರೆ.

ಕಡಲಾಚೆ

ಆ ಕ್ಯಾಲೆಂಡರಿನಿಂದ ಇನ್ನೊಬ್ಬ ದೊಡ್ಡ ಕಲಾವಿದ ಹುಟ್ಟಿದರು. ಯುನೋಕಿ ಸಮಿರೊ. ಹುಟ್ಟಿದ್ದು 1922ರಲ್ಲಿ. ಓದಿದ್ದು ಕಲೆಯ ಇತಿಹಾಸ. ಯುದ್ಧ ಮುಗಿದ ಮೇಲೆ ಕುರಾಶಿಕಿಯ ಒಹಾರಾ ಮ್ಯೂಸಿಯಂನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಗೋಡೆಯ ಮೇಲೆ ಸೆರಿಜಾವಾ ಕ್ಯಾಲೆಂಡರ್ ಇತ್ತು. ಅದನ್ನು ನೋಡಿ ಬಣ್ಣಗಾರಿಕೆಗೇ ಹೋಗಿಬಿಟ್ಟರು, ಸೆರಿಜಾವಾ ಹತ್ತಿರ ಕಲಿತರು. ಟೋಕಿಯೊದ ಮಹಿಳಾ ಕಲಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಮಾಡಿದರು. 2024ರ ಜನವರಿ 31ರಂದು ತೀರಿಕೊಂಡರು, 101 ವರ್ಷ. ಕೊನೆಯವರೆಗೂ ಕೆಲಸ ಮಾಡಿದರು.

ಗುರುವಿನಿಂದ ಎಷ್ಟು ದೂರ ಹೋದರು ನೋಡಿ. ಸೆರಿಜಾವಾ ಚಿತ್ರದಲ್ಲಿ ಸೊಪ್ಪು, ಮೀನು, ಹಗ್ಗ, ಮನೆ ಏನೆಂದು ಗೊತ್ತಾಗುತ್ತದೆ. ಯುನೋಕಿ ಬಟ್ಟೆಗಳಲ್ಲಿ ಬರೀ ಆಕಾರ, ಲಯ, ದೊಡ್ಡ ದೊಡ್ಡ ಬಣ್ಣ. ಒಂದೇ ಅಂಟು, ಒಂದೇ ಕತ್ತಿ.

ಸಂಡೇ ಸ್ಕೂಲ್

ನನ್ನ ಕಡೆಯಿಂದ ಇನ್ನೊಂದು ಹೆಸರು, ವಾತಾನಾಬೆ ಸದಾವೊ. 1913ರಿಂದ 1996. ಟೋಕಿಯೊದವರು, ಕ್ರೈಸ್ತರು. ಸೆರಿಜಾವಾ ಹತ್ತಿರ ಸ್ಟೆನ್ಸಿಲ್ ಕಲಿತು ಬದುಕಿಡೀ ಬೈಬಲ್ ಚಿತ್ರಗಳನ್ನು ಮಾಡಿದರು. ಉಜ್ಜಿ ಮುದುರಿದ ಗಟ್ಟಿ ಕಾಗದದ ಮೇಲೆ ಅವರ ಕೆಲಸ. ಕೊನೆಯ ಊಟದ ಚಿತ್ರದಲ್ಲಿ ಯೇಸು ಮತ್ತು ಶಿಷ್ಯರು ಕಿಮೊನೊ ಹಾಕಿದ್ದಾರೆ. ಮೇಜಿನ ಮೇಲೆ ಮೀನು, ಸೂಶಿ. ವ್ಯಾಟಿಕನ್ ಮ್ಯೂಸಿಯಂನಲ್ಲೂ ಅವರ ಚಿತ್ರಗಳಿವೆ. ಆದರೂ ಜನ ಸಹಜವಾಗಿ ಸೇರುವ ಜಾಗಗಳಲ್ಲಿ ತಮ್ಮ ಚಿತ್ರ ಇರಬೇಕು ಅನ್ನುವುದು ಅವರ ಆಸೆಯಾಗಿತ್ತು. ಗುರು ಮಾಡಿದ ನೊರೆನ್, ಕ್ಯಾಲೆಂಡರುಗಳ ದಾರಿಯೇ ಇದು.

ನಮ್ಮ ಚರ್ಚಿನ ಹಾಲ್‌ನಲ್ಲಿ ಅವರ ಒಂದು ಚಿತ್ರದ ಪ್ರತಿ ಇದೆ. ಅದನ್ನು ನೋಡುತ್ತಲೇ ಬೆಳೆದೆ. ಅದರ ಹಿಂದೆ ಸೆರಿಜಾವಾ ಇದ್ದರು ಅಂತ ಇವತ್ತು ತಿಳಿದದ್ದು ತುಂಬಾ ಸಂತೋಷ.

ಬಯಲುಸೀಮೆ

ಶಿಷ್ಯರ ವಿಷಯ ಓದಿದ ಮೇಲೆ ನನ್ನ ತಕರಾರಿನ ಒಂದು ಭಾಗವನ್ನು ಬೇರೆ ರೀತಿ ಕೇಳುತ್ತೇನೆ. ಅವರು ಕೆಲಸವನ್ನು ಕಲಿಸಿ ಹೊರಗೆ ಕಳಿಸಿದರು, ಸರಿ. ಹಾಗೆ ಹೋದವರು ತಮ್ಮದೇ ಹೆಸರು ಮಾಡಿದರು, ಸರಿ. ಆದರೆ ಈಸೆಯ ಕೊರೆತಗಾರರ ಸಂಖ್ಯೆ ಕಡಿಮೆಯಾಗುತ್ತಲೇ ಬಂತು, ಅಲ್ವಾ? ಕಸುಬು ಸೊರಗಿತು, ಕಲೆ ಬೆಳೆಯಿತು. ಇದು ಜಪಾನಿಗಷ್ಟೇ ಅಲ್ಲ, ಎಲ್ಲ ಕಡೆ ನಡೆಯುತ್ತಿದೆ. ಇದಕ್ಕೆ ಸೆರಿಜಾವಾ ಒಬ್ಬರೇ ಕಾರಣ ಅಂತ ನಾನು ಹೇಳುತ್ತಿಲ್ಲ.

ಅಚ್ಚುಮೆಚ್ಚು

ಈಸೆಯ ಕೊರೆತ ಕಡಿಮೆಯಾಗಲು ಮುಖ್ಯ ಕಾರಣ ಕಿಮೊನೊ ಹಾಕುವವರು ಕಡಿಮೆಯಾದದ್ದು, ಯಂತ್ರದ ಪ್ರಿಂಟು ಬಂದದ್ದು. ಸೆರಿಜಾವಾಗೆ ರಾಷ್ಟ್ರೀಯ ನಿಧಿ ಬಿರುದು ಬಂದ ಹೊತ್ತಿನಲ್ಲೇ ಈಸೆಯ ಕೊರೆತಗಾರರಿಗೂ ಅದೇ ಬಿರುದು ಕೊಟ್ಟರು, ಅವರ ಕೆಲಸವನ್ನೂ ಕಾಪಾಡಬೇಕಾದದ್ದು ಅಂತ ಗುರುತಿಸಿದರು. ಆದರೆ ಬಿರುದಿನಿಂದ ಕಸುಬಿಗೆ ಗಿರಾಕಿ ಬರುವುದಿಲ್ಲ. ನಿಮ್ಮ ನೋವು ನನಗೂ ಇದೆ. ನಮ್ಮಲ್ಲೂ ಕೈಮಗ್ಗದ ವಿಷಯದಲ್ಲಿ ಇದನ್ನೇ ನೋಡುತ್ತಿದ್ದೇವೆ.

ನನಗೆ ಬೇಕಾದ್ದು ಇಷ್ಟೇ. ಸೆರಿಜಾವಾ ಸ್ಟೆನ್ಸಿಲ್ ಕೆಲಸವನ್ನು ಕಿಮೊನೊದಿಂದ ಬಿಡಿಸಿ ಪುಸ್ತಕ, ಕಾಗದ, ಪರದೆ, ಗೋಡೆಗೆ ತಂದರು. ಹಾಗೆ ತಂದಿದ್ದರಿಂದಲೇ ಕಿಮೊನೊ ಹೋದ ಮೇಲೂ ಈ ಕೆಲಸ ಉಳಿಯಿತು.

ಹುಬ್ಬಳ್ಳಿ ಸ್ಕ್ರೀನ್

ಪ್ಯಾರಿಸ್‌ನಲ್ಲೂ ಇವರ ಪ್ರದರ್ಶನ ಆಗಿತ್ತಂತೆ?

ಅಚ್ಚುಮೆಚ್ಚು

ಹೌದು, 1976ರ ಕೊನೆಯಲ್ಲಿ, ಅಲ್ಲಿನ ದೊಡ್ಡ ಪ್ರದರ್ಶನ ಭವನ ಗ್ರಾಂ ಪಾಲೇಯಲ್ಲಿ. ಚಿತ್ರಕಾರ ಬಾಲ್ಥಸ್ ಇವರ ಕೆಲಸವನ್ನು ತುಂಬಾ ಮೆಚ್ಚಿದ್ದರು, ಆ ಪ್ರದರ್ಶನಕ್ಕೆ ಅವರ ಒತ್ತಾಸೆಯೂ ಇತ್ತು. ಸೆರಿಜಾವಾಗೆ ಆಗ 81 ವರ್ಷ. 1984ರ ಏಪ್ರಿಲ್ 5ರಂದು ತೀರಿಕೊಂಡರು.

ಕಡಲಾಚೆ

ಕುರಾಶಿಕಿಗೆ ಹೋಗುವವರಿಗೆ ಒಂದು ಸೂಚನೆ. ಒಹಾರಾ ಮ್ಯೂಸಿಯಂನಲ್ಲಿ ಕರಕುಶಲ ವಿಭಾಗ ಇದೆ. ಹಳೆಯ ಅಕ್ಕಿ ಕಣಜಗಳನ್ನು ಬದಲಾಯಿಸಿ ಮಾಡಿದ್ದು. ಆ ಕೋಣೆಗಳ ವಿನ್ಯಾಸ ಸೆರಿಜಾವಾ ಅವರದೇ. ಕಿಟಕಿ, ನೆಲ ಎಲ್ಲ ಅವರೇ ಯೋಚಿಸಿ ಮಾಡಿಸಿದ್ದು. ಅವರ ಕೆಲಸ ಇರುವ ಕೋಣೆಯೂ ಅಲ್ಲೇ ಇದೆ. ಸೆಂದೈ ಊರಿನಲ್ಲೂ ಒಂದು ವಿಶ್ವವಿದ್ಯಾಲಯದೊಳಗೆ ಅವರ ಮ್ಯೂಸಿಯಂ ಇದೆ. ಶಿಜುವೊಕಾದಲ್ಲಿ ಅವರ ಕೆಲಸದ ಜೊತೆ ಅವರು ಬೇರೆ ಬೇರೆ ದೇಶಗಳಿಂದ ಸಂಗ್ರಹಿಸಿದ ಬಟ್ಟೆ, ಮುಖವಾಡ, ಬುಟ್ಟಿಗಳೂ ಇವೆ, ಸಾವಿರಾರು. ಕಾಲಕಾಲಕ್ಕೆ ಬದಲಾಯಿಸಿ ಇಡುತ್ತಾರೆ. ಹಾಗಾಗಿ ಒಂದೇ ಸಲಕ್ಕೆ ಎಲ್ಲ ನೋಡಲು ಆಗುವುದಿಲ್ಲ.

ಹುಬ್ಬಳ್ಳಿ ಸ್ಕ್ರೀನ್

ನಾನು ಇದನ್ನು ಮಾಡಿ ನೋಡಲೇಬೇಕು. ಕಟಗಾಮಿ ಇಲ್ಲಿ ಸಿಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ಕೊರೆದು, ಹಿಂದೆ ನಮ್ಮದೇ ಸ್ಕ್ರೀನಿನ ಜಾಲರಿ ಅಂಟಿಸಿದರೆ ನಡೆಯುತ್ತದೆ ಅಂದುಕೊಂಡಿದ್ದೇನೆ. ಅಂಟಿಗೆ ಸೋನಾಮಸೂರಿ ಹಿಟ್ಟು ಸಾಕಾ?

ಅಚ್ಚುಮೆಚ್ಚು

ಜಾಲರಿ ಖಂಡಿತ ನಡೆಯುತ್ತದೆ. ಆದರೆ ಸೋನಾಮಸೂರಿ ಆಗುವುದಿಲ್ಲ, ಒಣಗಿದರೆ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಬಣ್ಣ ಹೋಗುತ್ತದೆ. ಅಂಟಕ್ಕಿಯೇ ಬೇಕು. ಅಸ್ಸಾಮಿನ ಬೋರಾ ಅಕ್ಕಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದು ಅಂಟಕ್ಕಿಯೇ. ತವುಡು ರೈಸ್ ಮಿಲ್ಲಿನಿಂದ ಹೊಸದಾಗಿ ತನ್ನಿ, ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಸುಮಾರು ಸಮ ಸಮ ಕಲಸಿ ಉಂಡೆ ಮಾಡಿ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಚೆನ್ನಾಗಿ ನಾದಿ. ಉಪ್ಪು ನೀರು ಹಾಕುತ್ತಾ ಸಡಿಲ ಮಾಡಿಕೊಳ್ಳಿ. ಉಪ್ಪು ತೇವ ಹಿಡಿದಿಡುತ್ತದೆ, ಅಂಟು ಒಡೆಯುವುದಿಲ್ಲ. ನಿಮ್ಮ ಕಡೆ ಬೇಸಿಗೆಯ ಒಣ ಹವೆಯಲ್ಲಿ ಉಪ್ಪು ಸ್ವಲ್ಪ ಜಾಸ್ತಿ ಬೇಕಾಗಬಹುದು. ಮಳೆಗಾಲದಲ್ಲಿ ಅದೇ ಉಪ್ಪು ತೇವ ಎಳೆದು ಅಂಟು ಒಣಗಲು ಬಿಡುವುದಿಲ್ಲ, ಆಗ ಕಡಿಮೆ ಮಾಡಿ.

ಸೋಯಾ ಹಾಲು ಅಂಗಡಿ ಪೊಟ್ಟಣದ್ದು ಬೇಡ. ಕಾಳು ರಾತ್ರಿ ನೆನೆಸಿ, ರುಬ್ಬಿ, ಸೋಸಿ, ಅದೇ ದಿನ ಬಳಸಿ. ಬಣ್ಣ ಹಾಕಿದ ಮೇಲೆ ತೊಳೆಯಲು ಅವಸರ ಮಾಡಬೇಡಿ. ಕೆಲವು ವಾರ ಬಿಟ್ಟರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತೊಳೆಯುವಾಗ ಉಜ್ಜಬಾರದು, ನೀರಲ್ಲಿ ನೆನೆಯಲು ಬಿಡಿ, ಅಂಟು ತಾನಾಗಿ ಬಿಡುತ್ತದೆ.

ಹುಬ್ಬಳ್ಳಿ ಸ್ಕ್ರೀನ್

ಬೋರಾ ಅಕ್ಕಿ ಈಗಲೇ ಆರ್ಡರ್ ಮಾಡಿದೆ. ಮೊದಲ ಚಿತ್ರ ಮೆಂತ್ಯ ಸೊಪ್ಪು. ಬಯಲುಸೀಮೆ ಅವರೇ, ನೀವು ಕೈಮಗ್ಗದ ಬಟ್ಟೆ ಎಲ್ಲಿಂದ ತರುತ್ತೀರಿ ಹೇಳಿ. ಪಾಲಿಸ್ಟರ್ ಮಿಶ್ರ ಇದ್ದರೆ ಈ ಬಣ್ಣ ಹಿಡಿಯುವುದಿಲ್ಲ.

ಬಯಲುಸೀಮೆ

ಗಜೇಂದ್ರಗಡದ ಕಡೆ ನನಗೆ ಗೊತ್ತಿರುವ ನೇಕಾರರಿದ್ದಾರೆ, ಅಪ್ಪಟ ಹತ್ತಿಯ ಬಟ್ಟೆ. ಖಾಸಗಿಯಾಗಿ ಸಂದೇಶ ಕಳಿಸಿ, ವಿವರ ಕೊಡುತ್ತೇನೆ. ಒಂದು ಷರತ್ತು: ಬಟ್ಟೆಯ ಮೂಲೆಯಲ್ಲಿ ನೇಯ್ದವರ ಹೆಸರನ್ನೂ ಕೊರೆದು ಹಾಕಬೇಕು.